ಸ್ಮಾರಕ ಸುವರ್ಣ ನಾಣ್ಯವೂ ಪರಿಮಾಣ ವ್ರತವೂ

ಕಬ್ಬಿನ ಬಿಲ್ಲು ಕೈಸೇರುವ ದಿನಗಳಲ್ಲಿ ಮುಗಳಖೋಡ, ಹಾರೂಗೇರಿ, ರಾಯಬಾಗಗಳ ಸರಾಫರ ಅಂಗಡಿಗಳಲ್ಲಿ ಜನಸಂದಣಿ ಹೊಸದಲ್ಲ. ಹಿಂದೆ ಆ ಹಣ ಬೋರಮಾಳವಾಗಿ, ಪಾಟಲಿಯಾಗಿ, ಇಲ್ಲವೆ ಮಗಳ ಮದುವೆಯ ಹೊತ್ತಿಗೆ ಪತ್ತಾರನ ಕೈಸೇರಬೇಕಾದ ತುಂಡು ಚಿನ್ನವಾಗಿ ಮನೆಗೆ ಬರುತ್ತಿತ್ತು. ಈಚಿನ ವರ್ಷಗಳಲ್ಲಿ ಅದರ ಒಂದು ಪಾಲು ನಾಣ್ಯದ ರೂಪ ತಾಳುತ್ತಿದೆ. ಮೊಹರು ಮಾಡಿದ ಪ್ಲಾಸ್ಟಿಕ್ ಹೊದಿಕೆಯಲ್ಲಿ, ತೂಕ ಶುದ್ಧತೆಗಳ ಪ್ರಮಾಣಪತ್ರದೊಡನೆ ದೊರೆಯುವ ಎರಡು, ಐದು, ಹತ್ತು ಗ್ರಾಮಿನ ಚಿನ್ನದ ಬಿಲ್ಲೆಗಳು ಅವು. ಕೆಲವುಗಳ ಮೇಲೆ ಲಕ್ಷ್ಮಿ, ಕೆಲವುಗಳ ಮೇಲೆ ಗಾಂಧೀಜಿ. ಜೈನ ಗ್ರಾಹಕರಿಗೆಂದೇ ಮಾಡಿದವುಗಳ ಮೇಲೆ ತೀರ್ಥಂಕರರ ಬಿಂಬ ಅಥವಾ ಣಮೋಕಾರ ಮಂತ್ರ. ಕೊಂಡವರು ಇವನ್ನು ಧರಿಸುವುದಿಲ್ಲ. ಪೆಟ್ಟಿಗೆಯಲ್ಲಿರಿಸಿ, ದಿನಪತ್ರಿಕೆಯ ಪೇಟೆಧಾರಣೆಯ ಅಂಕಣದ ಮೇಲೆ ಪ್ರತಿದಿನ ಕಣ್ಣಾಡಿಸುತ್ತಾರೆ. ಶ್ರಾವಕಧರ್ಮದ ದೃಷ್ಟಿಯಿಂದ ವಿಚಾರ ಮಾಡಬೇಕಾದುದು ಪೆಟ್ಟಿಗೆಯಲ್ಲಿರುವ ನಾಣ್ಯಕ್ಕಿಂತಲೂ ಮಿಗಿಲಾಗಿ ಈ ಕಣ್ಣಾಡಿಸುವಿಕೆಯನ್ನು.

ಈ ರೂಢಿ ಬಹಳ ಹಳೆಯದೇನೂ ಅಲ್ಲ. 1968ರ ಚಿನ್ನ ನಿಯಂತ್ರಣ ಕಾಯಿದೆ 1990ರಲ್ಲಿ ರದ್ದಾಗುವವರೆಗೆ ಗೃಹಸ್ಥನೊಬ್ಬನು ಗಟ್ಟಿ ಚಿನ್ನವನ್ನು ಮನೆಯಲ್ಲಿರಿಸಿಕೊಳ್ಳುವುದಕ್ಕೆ ಪ್ರತಿಬಂಧವಿತ್ತು. ಚಿನ್ನವೆಂದರೆ ಒಡವೆಯೇ ಆಗಿತ್ತು. ಸ್ವತಂತ್ರ ಭಾರತದಲ್ಲಿ ಸ್ಮಾರಕ ನಾಣ್ಯಗಳ ಪರಂಪರೆ ನೆಹರೂ ಅವರ ನೆನಪಿಗಾಗಿ 1964ರಲ್ಲಿ ಹೊರಬಂದ ನಾಣ್ಯಗಳಿಂದ ಆರಂಭವಾಯಿತು; 1969ರಲ್ಲಿ ಗಾಂಧಿ ಶತಾಬ್ದಿಗೆ ಹತ್ತು ರೂಪಾಯಿಯ ಬೆಳ್ಳಿ ನಾಣ್ಯ ಬಂದಿತು. ಅನಂತರದ ಹೆಚ್ಚಿನ ಮುಖಬೆಲೆಯ ಸ್ಮಾರಕಗಳೂ ಸಾಮಾನ್ಯವಾಗಿ ಬೆಳ್ಳಿ ಬೆರೆತ ಲೋಹದವು. ಅಶೋಕಚಕ್ರ ಮತ್ತು ಗಾಂಧೀಜಿಯ ಮುದ್ರೆಯುಳ್ಳ ಐದು, ಹತ್ತು ಗ್ರಾಮಿನ ಭಾರತೀಯ ಸುವರ್ಣ ನಾಣ್ಯವನ್ನು ಕೇಂದ್ರ ಸರ್ಕಾರವು 2015ರ ನವೆಂಬರಿನಲ್ಲಿ ಬಿಡುಗಡೆ ಮಾಡಿತು. ಅಷ್ಟರಲ್ಲಿ ಹೊರದೇಶಗಳಲ್ಲಿ ಚಿನ್ನದ ನಾಣ್ಯದ ವ್ಯಾಪಾರ ಬಹುದೂರ ಸಾಗಿತ್ತು. ದಕ್ಷಿಣ ಆಫ್ರಿಕವು 1967ರಿಂದ ಒಂದು ಔನ್ಸ್, ಅಂದರೆ 31.1 ಗ್ರಾಮ್ ಶುದ್ಧ ಚಿನ್ನವುಳ್ಳ ಕ್ರೂಗರ್‌ರ್ಯಾಂಡನ್ನು ಹೂಡಿಕೆಗೆಂದೇ ಟಂಕಿಸಿತು. ಕೆನಡಾ, ಚೀನಾ, ಅಮೇರಿಕಗಳು ಅದನ್ನು ಹಿಂಬಾಲಿಸಿದವು.

ಇಂತಹ ನಾಣ್ಯವೊಂದರಲ್ಲಿ ಮೂರು ಬೆಲೆಗಳು ಏಕಕಾಲಕ್ಕೆ ವಾಸಿಸುತ್ತವೆ. ಸರ್ಕಾರವು ಅದರ ಮೇಲೆ ಅಚ್ಚೊತ್ತಿಸಿದ ಮುಖಬೆಲೆ ಒಂದು, ಕರಗಿಸಿದರೆ ದೊರೆಯುವ ಲೋಹದ ಬೆಲೆ ಇನ್ನೊಂದು. ಮೂರನೆಯದು ಸ್ಮರಣೆಯ ಬೆಲೆ. ಇಷ್ಟೇ ಸಂಖ್ಯೆಯಲ್ಲಿ ಟಂಕಿಸಲಾಗಿದೆ, ಇಂತಹ ಮಹೋತ್ಸವದ ನೆನಪಿಗೆ ಟಂಕಿಸಲಾಗಿದೆ ಎಂಬ ಕಾರಣದಿಂದ ಸಂಗ್ರಾಹಕನು ಮೇಲೆ ಕೊಡುವ ಹಣವದು. ಮಾರುವವರ ಜಾಹೀರಾತುಗಳೆಲ್ಲ ಮೂರನೆಯದನ್ನು ಕುರಿತೇ ಮಾತನಾಡುತ್ತವೆ. ಅದು ಕಾಲಕ್ರಮದಲ್ಲಿ ಬೆಳೆಯುತ್ತದೆಂಬುದು ಅವುಗಳ ಭರವಸೆ. ಈ ಭರವಸೆಯನ್ನು ಒಂದೆರಡು ನಿಜ ಪ್ರಸಂಗಗಳಿಂದ ಪರೀಕ್ಷಿಸಬಹುದು.

1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ ಕ್ರೀಡೆಗಳ ನೆನಪಿಗೆ ಅಮೇರಿಕ ಸರ್ಕಾರವು ಹತ್ತು ಡಾಲರ್ ಮುಖಬೆಲೆಯ ಚಿನ್ನದ ನಾಣ್ಯವನ್ನು ಹೊರತಂದಿತು. 1933ರ ಬಳಿಕ ಆ ದೇಶ ಟಂಕಿಸಿದ ಮೊದಲ ಚಿನ್ನದ ನಾಣ್ಯವಾದ್ದರಿಂದ ಅದರ ಸುತ್ತ ಅಪಾರ ಉತ್ಸಾಹವಿತ್ತು. ವಿಶೇಷ ಮೆರುಗಿನ ಪ್ರತಿಗೆ ಸರ್ಕಾರ ಪಡೆದ ಬೆಲೆ 352 ಡಾಲರ್. ಅದರೊಳಗಿದ್ದ ಚಿನ್ನವಾದರೋ ಅರ್ಧ ಔನ್ಸಿಗೂ ತುಸು ಕಡಿಮೆ; ಅಂದಿನ ದರದಲ್ಲಿ ಕೊಟ್ಟ ಬೆಲೆಯ ಸುಮಾರು ಅರ್ಧದಷ್ಟು. ಉಳಿದರ್ಧ ಸ್ಮರಣೆಗೆ. 1999ರ ನಡುವಿನಲ್ಲಿ ಚಿನ್ನದ ದರ ಔನ್ಸಿಗೆ 255 ಡಾಲರಿನ ಆಸುಪಾಸಿಗೆ ಇಳಿದಾಗ ಆ ನಾಣ್ಯದಲ್ಲಿದ್ದ ಲೋಹದ ಬೆಲೆ 125 ಡಾಲರಿಗಿಂತ ಹೆಚ್ಚಿರಲಿಲ್ಲ. 2025ರ ಅಕ್ಟೋಬರಿನಲ್ಲಿ ದರ ನಾಲ್ಕು ಸಾವಿರ ಡಾಲರನ್ನು ದಾಟಿದಾಗ ಅದೇ ಲೋಹಕ್ಕೆ 1,900 ಡಾಲರಿಗೂ ಮಿಕ್ಕಿದ ಬೆಲೆ ಬಂದಿತು. ಏರಿದುದು ಚಿನ್ನ, ಇಳಿದುದೂ ಚಿನ್ನ. ಒಲಿಂಪಿಕ್ಕಿನ ನೆನಪಿಗೆಂದು ಕೊಟ್ಟ ಅರ್ಧ ಹಣವನ್ನು ಯಾವ ಅಂಗಡಿಯವನೂ ಹಿಂದಿರುಗಿಸುವುದಿಲ್ಲ; ಇಂತಹ ನಾಣ್ಯಗಳಲ್ಲಿ ಬಹುಪಾಲು ಇಂದು ಲೋಹದ ಬೆಲೆಯ ಸನಿಹದಲ್ಲೇ ಕೈಬದಲಾಗುತ್ತವೆ.

ಜಪಾನಿನ ಕಥೆ ಇನ್ನೂ ವಿಚಿತ್ರವಾದುದು. ಚಕ್ರವರ್ತಿ ಹಿರೋಹಿತೊ ಅವರ ಆಳ್ವಿಕೆಯ ಅರವತ್ತನೆಯ ವರ್ಷದ ಸ್ಮರಣಾರ್ಥ 1986ರಲ್ಲಿ ಆ ದೇಶ ಲಕ್ಷ ಯೆನ್ ಮುಖಬೆಲೆಯ ಚಿನ್ನದ ನಾಣ್ಯವನ್ನು ಹೊರಡಿಸಿತು. ಅದರಲ್ಲಿದ್ದುದು 20 ಗ್ರಾಮ್ ಶುದ್ಧ ಚಿನ್ನ. ಅದರ ಅಂದಿನ ಬೆಲೆ ಮುಖಬೆಲೆಯ ಅರ್ಧಕ್ಕೂ ಕಡಿಮೆ. ಈ ಅಂತರವನ್ನು ಕಂಡವರು ಸುಮ್ಮನಿರಲಿಲ್ಲ. 1990ರಲ್ಲಿ ಲಕ್ಷಕ್ಕೂ ಮಿಕ್ಕಿದ ನಕಲಿ ನಾಣ್ಯಗಳು ಆ ದೇಶದಲ್ಲಿ ಪತ್ತೆಯಾದವು. ಅವುಗಳಲ್ಲಿದ್ದ ಚಿನ್ನ ಅಪ್ಪಟವೇ ಆಗಿತ್ತೆಂಬುದು ಸೋಜಿಗ. ಮೋಸವಿದ್ದುದು ಮುದ್ರೆಯಲ್ಲಿ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಕಳ್ಳತೂಕ ಕಳ್ಳಅಳತೆಗಳ ಮಗ್ಗುಲಲ್ಲೇ ಪ್ರತಿರೂಪಕ ವ್ಯವಹಾರವನ್ನು, ಎಂದರೆ ನಕಲಿಯನ್ನು ಅಸಲಿಯೆಂದು ನಡೆಸುವುದನ್ನು, ಎಣಿಸುತ್ತದೆ. ತೂಕ ಸರಿಯಿದ್ದೂ ಪ್ರತಿರೂಪಕ ದೋಷ ಸಂಭವಿಸಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ಇಂದು ಆ ಅಸಲಿ ನಾಣ್ಯದೊಳಗಿನ ಚಿನ್ನವೇ ಮುಖಬೆಲೆಯ ಹಲವು ಪಟ್ಟು ಬಾಳುತ್ತದೆ. ಹಾಗಾಗಿ ಮುಖಬೆಲೆಯೂ ಸ್ಮರಣೆಯೂ ಎರಡೂ ಲೋಹದ ಕೆಳಗೆ ಹುದುಗಿಹೋಗಿವೆ.

ಇದನ್ನು ತಿಳಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅಥಣಿ, ಚಿಕ್ಕೋಡಿ, ನಿಪ್ಪಾಣಿಗಳಲ್ಲೂ ಪಕ್ಕದ ಕೊಲ್ಹಾಪುರ ಸೀಮೆಯಲ್ಲೂ ಹಿರಿಯ ಸ್ತ್ರೀಯರು ಧರಿಸುವ ಪುತಳಿ ಸರವನ್ನು ನೋಡಿದರೆ ಸಾಕು. ಪುತಳಿಯೆಂಬುದು ಮೂಲದಲ್ಲಿ ಇಟಲಿಯ ವೆನಿಸ್ ನಗರದ ಚಿನ್ನದ ನಾಣ್ಯ. ಅದರ ಮೇಲೆ ಆ ನಗರದ ಅಧಿಪತಿಯು ತಮ್ಮ ಸಂತನ ಮುಂದೆ ಮಂಡಿಯೂರಿದ ಚಿತ್ರವಿರುತ್ತಿತ್ತು. ಆ ಗೊಂಬೆಯಂಥ ಆಕೃತಿಗಳಿಂದಲೇ ದಖ್ಖಣದಲ್ಲಿ ಅದಕ್ಕೆ ಪುತಳಿಯೆಂಬ ಹೆಸರು ಬಂದಿತು. ಶತಮಾನಗಳ ಕಾಲ ಅದು ಸಮುದ್ರ ದಾಟಿ ಬಂದು ಇಲ್ಲಿ ಕೊರಳ ಒಡವೆಯಾಯಿತು. ಪತ್ತಾರರು ಅದರ ಅಚ್ಚನ್ನು ಅನುಕರಿಸಿ ತಾವೇ ಬಿಲ್ಲೆ ಮಾಡತೊಡಗಿದರು. ಆ ಅಧಿಪತಿ ಯಾರು, ಆ ಸಂತ ಯಾರು ಎಂದು ಇಲ್ಲಿ ಯಾರೂ ಕೇಳಲಿಲ್ಲ. ಯಾರನ್ನು ನೆನೆಯಲೆಂದು ಅಚ್ಚೊತ್ತಿದರೋ ಅವರು ಮರೆತುಹೋದರು. ತೂಕ ಮಾತ್ರ ತಕ್ಕಡಿಯಲ್ಲಿ ಉಳಿಯಿತು.

ಆದುದರಿಂದ ಸ್ಮಾರಕ ನಾಣ್ಯವು ಸ್ಮರಣೆಯನ್ನು ಕಾಪಾಡುತ್ತದೆಂಬ ಮಾತನ್ನು ವಿಮರ್ಶೆಯಿಲ್ಲದೆ ಒಪ್ಪಲಾಗದು. ಪ್ರಾಚೀನ ನಾಣ್ಯಗಳ ಮಾತು ಬೇರೆ. ಒಂದು ಗದ್ಯಾಣ, ಒಂದು ವರಾಹ ಅಧ್ಯಯನಶೀಲನ ಕೈಗೆ ಸಿಕ್ಕಾಗ ಅರಸನ ಬಿರುದು, ಲಾಂಛನ, ಲಿಪಿ, ವ್ಯಾಪಾರದ ದಾರಿ ಎಲ್ಲವೂ ಹೊರಬರುತ್ತವೆ. ಆ ಸಂಗ್ರಹ ಜ್ಞಾನಾರ್ಜನೆಯ ಸಾಧನ. ಅವು ಕಾಲದ ಸವೆತದಿಂದ ವಿರಳವಾದವು. ಆಧುನಿಕ ಸ್ಮಾರಕ ನಾಣ್ಯದ ವಿರಳತೆ ಟಂಕಸಾಲೆಯ ಪ್ರಕಟಣೆಯಿಂದ ಹುಟ್ಟಿದ್ದು. ಅದನ್ನು ಓದಲು ಏನೂ ಇಲ್ಲ, ಎಣಿಸಲು ಮಾತ್ರ ಇದೆ.

ಈಗ ಶಾಸ್ತ್ರದ ಕಡೆಗೆ ತಿರುಗಬಹುದು. ಪರಿಗ್ರಹ ಪರಿಮಾಣವ್ರತದ ಅತಿಚಾರಗಳನ್ನು ನಿರೂಪಿಸುವಲ್ಲಿ ಉಮಾಸ್ವಾಮಿಗಳು ಹೊಲಮನೆ, ಧನಧಾನ್ಯ, ದಾಸೀದಾಸ, ಬಟ್ಟೆಬರೆ ಮೊದಲಾದ ಸಾಮಗ್ರಿಗಳ ಜೊತೆಗೆ ಹಿರಣ್ಯ ಮತ್ತು ಸುವರ್ಣವನ್ನು ಒಂದು ಜೋಡಿಯಾಗಿ ಹೇಳಿದ್ದಾರೆ. ಎರಡೂ ಚಿನ್ನವೇ ಆಗಿದ್ದರೆ ಎರಡು ಪದ ಏಕೆ? ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಭೇದವನ್ನು ಸ್ಪಷ್ಟಪಡಿಸಿದ್ದಾರೆ. ಹಿರಣ್ಯವೆಂದರೆ ಬೆಳ್ಳಿ ಮೊದಲಾದ, ವ್ಯವಹಾರಕ್ಕೆ ಸಾಧನವಾಗಿ ನಡೆಯುವ ದ್ರವ್ಯ. ಸುವರ್ಣವಾದರೋ ಎಲ್ಲರಿಗೂ ಗೊತ್ತಿರುವ ಚಿನ್ನ. ಒಂದು ನಡೆಯುವ ಹಣ, ಇನ್ನೊಂದು ಇರುವ ಲೋಹ. ಸ್ಮಾರಕ ಸುವರ್ಣ ನಾಣ್ಯವನ್ನು ಈ ಎರಡರಲ್ಲಿ ಯಾವ ಕಡೆ ಇಡಬೇಕು? ಮುಖಬೆಲೆಯಿರುವುದರಿಂದ ಅದು ಹಿರಣ್ಯದಂತೆ ತೋರುತ್ತದೆ, ಆದರೆ ಯಾರೂ ಅದನ್ನು ವ್ಯವಹಾರದಲ್ಲಿ ನಡೆಸುವುದಿಲ್ಲ. ಚಿನ್ನವಾದ್ದರಿಂದ ಸುವರ್ಣವೇ ಸರಿ, ಆದರೆ ಒಡವೆಯಂತೆ ಅದು ಮೈಮೇಲೆ ಬರುವುದಿಲ್ಲ. ಲೆಕ್ಕ ಬರೆಯುವ ಗೃಹಸ್ಥನಿಗೆ ಅನುಕೂಲವಾದಾಗ ಅದು ಹಣ, ಅನುಕೂಲವಾದಾಗ ಪೂಜಾವಸ್ತು, ಮತ್ತೊಮ್ಮೆ ಸಂಗ್ರಹದ ಹವ್ಯಾಸ. ಪರಿಮಾಣದ ಲೆಕ್ಕದಿಂದ ಜಾರಿಕೊಳ್ಳಲು ಇಷ್ಟು ಬಾಗಿಲುಗಳುಳ್ಳ ವಸ್ತು ಪ್ರಾಚೀನರ ಪಟ್ಟಿಯಲ್ಲಿ ಬೇರೊಂದಿಲ್ಲ.

ಬೆಲೆಯ ಏರಿಳಿತವು ಈ ವ್ರತಕ್ಕೆ ಒಡ್ಡುವ ಸಮಸ್ಯೆ ಇನ್ನೂ ಗಂಭೀರವಾದುದು; ಪಾಠಶಾಲೆಗಳಲ್ಲಿ ಇದರ ಚರ್ಚೆ ಸಾಕಷ್ಟು ನಡೆಯುವುದಿಲ್ಲ. ಒಂದು ಉದಾಹರಣೆ ನೋಡಬಹುದು. 1990ರ ಸುಮಾರಿನಲ್ಲಿ ಹತ್ತು ಗ್ರಾಮ್ ಚಿನ್ನಕ್ಕೆ ಭಾರತದಲ್ಲಿ ಮೂರು ಸಾವಿರದ ಇನ್ನೂರು ರೂಪಾಯಿಯ ಆಸುಪಾಸು ಬೆಲೆಯಿತ್ತು. ಆಗ ಒಬ್ಬ ಶ್ರಾವಕನು ಐವತ್ತು ಸಾವಿರ ರೂಪಾಯಿಗೆ ಮೀರಿದ ಚಿನ್ನವನ್ನು ಇರಿಸಿಕೊಳ್ಳುವುದಿಲ್ಲವೆಂದು ಗುರುಸಾಕ್ಷಿಯಾಗಿ ವ್ರತ ಸ್ವೀಕರಿಸಿ, ಅದಕ್ಕೆ ತಕ್ಕಂತೆ ಹದಿನೈದು ತೊಲೆ ಇರಿಸಿಕೊಂಡಿದ್ದನೆಂದು ಭಾವಿಸೋಣ (ಈಗಿನ ಹತ್ತು ಗ್ರಾಮಿನ ತೊಲೆ, ಹಳೆಯ ತೊಲೆ ಹನ್ನೊಂದೂವರೆ ಗ್ರಾಮಿಗೂ ತುಸು ಹೆಚ್ಚು). 2025ರ ಏಪ್ರಿಲಿನಲ್ಲಿ ಹತ್ತು ಗ್ರಾಮಿನ ಬೆಲೆ ಲಕ್ಷ ರೂಪಾಯಿಯನ್ನು ಮುಟ್ಟಿತು. ಒಂದು ಗುಂಜಿಯನ್ನೂ ಹೊಸದಾಗಿ ಕೊಳ್ಳದ ಅವನ ಬಳಿ ಈಗ ಹದಿನೈದು ಲಕ್ಷದ ಚಿನ್ನವಿದೆ. ವ್ರತದ ಅಕ್ಷರವನ್ನು ಹಿಡಿದರೆ ಅವನು ಅರ್ಧ ತೊಲೆಯನ್ನು ಮಾತ್ರ ಇರಿಸಿಕೊಂಡು ಉಳಿದ ಹದಿನಾಲ್ಕೂವರೆ ತೊಲೆಯನ್ನು ತ್ಯಜಿಸಬೇಕು. ಅದೇ ಕಾಲದಲ್ಲಿ ಅವನ ನೆರೆಯವನು ಹದಿನೈದು ತೊಲೆಯೆಂದು ತೂಕದಲ್ಲಿ ಮಿತಿ ಹಾಕಿಕೊಂಡಿದ್ದರೆ ಅವನ ವ್ರತಕ್ಕೆ ಯಾವ ಭಂಗವೂ ಇಲ್ಲ. ಇಬ್ಬರ ಪೆಟ್ಟಿಗೆಯಲ್ಲಿರುವುದು ಒಂದೇ. ಒಬ್ಬನು ವ್ರತಭಂಗದ ಅಂಚಿನಲ್ಲಿ, ಇನ್ನೊಬ್ಬನು ನಿರಾತಂಕ.

ಹಾಗಾದರೆ ತೂಕದ ಮಿತಿಯೇ ಉತ್ತಮವೆಂದು ಹೇಳಿ ಮುಗಿಸಬಹುದೆ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತವನ್ನು ಎರಡು ಅಂಗಗಳಿಂದ ಕಟ್ಟಿದ್ದಾರೆ. ಧನಧಾನ್ಯಾದಿಗಳಿಗೆ ಮಿತಿ ಹಾಕಿಕೊಳ್ಳುವುದು ಒಂದು; ಆ ಮಿತಿಗೆ ಮೀರಿದುದರಲ್ಲಿ ನಿಃಸ್ಪೃಹನಾಗಿರುವುದು ಇನ್ನೊಂದು. ತೂಕದ ಮಿತಿ ಮೊದಲನೆಯದನ್ನು ಮಾತ್ರ ಪಾಲಿಸುತ್ತದೆ. ಹದಿನೈದು ತೊಲೆ ಹದಿನೈದಾಗಿಯೇ ಉಳಿದಿದ್ದರೂ ಅದು ಹದಿನೈದು ಲಕ್ಷವಾಯಿತೆಂದು ಒಳಗೊಳಗೆ ಹಿಗ್ಗುವವನು, ಇಪ್ಪತ್ತು ಲಕ್ಷವಾಗಲೆಂದು ಕಾಯುವವನು ಎರಡನೆಯದನ್ನು ಕಳೆದುಕೊಂಡಿದ್ದಾನೆ.

ಇದೇ ಗ್ರಂಥವು ಹೇಳುವ ಐದು ಅತಿಚಾರಗಳು ಈ ವಿಷಯಕ್ಕೆ ಎಷ್ಟು ಹತ್ತಿರವಾಗಿವೆಯೆಂದರೆ ಆಧುನಿಕ ಪೇಟೆಯನ್ನು ಕಂಡೇ ಬರೆದಂತೆ ತೋರುತ್ತದೆ. ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ ಎಂಬ ಐದರಲ್ಲಿ ನಡುವಿನ ಮೂರಕ್ಕೆ ಟೀಕಾಕಾರ ಪ್ರಭಾಚಂದ್ರರು ಕೊಡುವ ವಿವರಣೆ ಮನನೀಯ. ಮುಂದೆ ವಿಶೇಷ ಲಾಭ ಬರುತ್ತದೆಂಬ ಆಸೆಯಿಂದ ಧಾನ್ಯಾದಿಗಳನ್ನು ಮಿತಿಮೀರಿ ಕೂಡಿಡುವುದು ಅತಿಸಂಗ್ರಹ. ಸಾಕಷ್ಟು ಲಾಭ ಬಂದ ಮೇಲೂ ಇನ್ನೂ ಬೇಕೆನ್ನುವುದು ಅತಿಲೋಭ. ಅತಿವಿಸ್ಮಯವೆಂಬುದು ಇವೆರಡಕ್ಕಿಂತ ಸೂಕ್ಷ್ಮ. ತಾನು ಲಾಭಕ್ಕೇ ಮಾರಿದ ವಸ್ತುವಿಗೆ ಅನಂತರ ಹೆಚ್ಚಿನ ಬೆಲೆ ಬಂದಾಗ, ಅಥವಾ ತಾನು ಸಂಗ್ರಹಿಸದೇ ಬಿಟ್ಟ ವಸ್ತುವಿನಿಂದ ಬೇರೆಯವನು ಲಾಭ ಪಡೆದಾಗ ಮನಸ್ಸಿಗಾಗುವ ವಿಷಾದವನ್ನು ಅವರು ಅತಿಚಾರವೆಂದೇ ಎಣಿಸುತ್ತಾರೆ. 2023ರಲ್ಲಿ ಹತ್ತು ಗ್ರಾಮಿಗೆ ಅರವತ್ತು ಸಾವಿರದ ಆಸುಪಾಸಿನಲ್ಲಿ ಮಗಳ ಓದಿಗೆಂದು ನಾಣ್ಯ ಮಾರಿದ ತಂದೆಯೊಬ್ಬನು ಎರಡೇ ವರ್ಷಗಳಲ್ಲಿ ಬೆಲೆ ಲಕ್ಷ ದಾಟಿದ್ದನ್ನು ಕಂಡು, ಮಗಳ ಓದನ್ನು ಮರೆತು ಹೋದ ನಾಣ್ಯವನ್ನು ನೆನೆದು ಕೊರಗಿದರೆ ಆ ಕೊರಗಿಗೆ ಆಗಮದಲ್ಲಿ ಹೆಸರಿದೆ. ಅವನ ಬಳಿ ಈಗ ನಾಣ್ಯವಿಲ್ಲ, ಪರಿಗ್ರಹ ಮಾತ್ರ ಇದೆ. ಮೂರ್ಛೆಯೇ ಪರಿಗ್ರಹವೆಂಬ ಉಮಾಸ್ವಾಮಿಗಳ ನಿರೂಪಣೆ ಇಂತಹ ಕಡೆ ಎಷ್ಟು ಲೌಕಿಕ ಸತ್ಯವಾಗಿದೆ ಎಂಬುದು ತಿಳಿಯುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಗೃಹಸ್ಥನು ಚಿನ್ನವನ್ನೇ ಮುಟ್ಟಬಾರದೆಂದು ಅರ್ಥವಲ್ಲ. ಅಣುವ್ರತವು ಮಹಾವ್ರತವಲ್ಲ. ಮಳೆ ಕೈಕೊಟ್ಟ ವರ್ಷ, ಕಾರಖಾನೆಯ ಬಾಕಿ ಬಾರದ ವರ್ಷ ಒಕ್ಕಲುತನದ ಮನೆಯನ್ನು ಹಿಡಿದು ನಿಲ್ಲಿಸಿದ್ದು ಅನೇಕ ವೇಳೆ ಮನೆಯೊಡತಿಯ ಬಂಗಾರವೇ. ಬ್ಯಾಂಕು, ವಿಮೆಗಳು ಹಳ್ಳಿಗೆ ಬರುವ ಎಷ್ಟೋ ಮುಂಚೆ ಅದು ಆಕೆಯ ಕೈಯಲ್ಲಿದ್ದ ಏಕಮಾತ್ರ ಅಧಿಕಾರವಾಗಿತ್ತು. ಆದರೆ ಆಪತ್ಕಾಲಕ್ಕೆಂದು ಕೊಳ್ಳುವವರು ಸ್ಮಾರಕ ನಾಣ್ಯವನ್ನು ಆರಿಸಿಕೊಳ್ಳುವುದು ವ್ಯವಹಾರದೃಷ್ಟಿಯಿಂದಲೂ ಜಾಣತನವಲ್ಲ. ಕೊಳ್ಳುವಾಗ ಮುದ್ರೆಯ ಕೂಲಿ, ಹೊದಿಕೆಯ ಬೆಲೆ, 2017ರಿಂದ ಶೇಕಡ ಮೂರರ ಸರಕು ಸೇವಾ ತೆರಿಗೆ ಇವೆಲ್ಲ ಸೇರುತ್ತವೆ. ಮಾರುವಾಗ ಸರಾಫನು ತಕ್ಕಡಿಯ ಮೇಲಿನ ತೂಕವನ್ನಷ್ಟೇ ನೋಡುತ್ತಾನೆ. ನಾಣ್ಯ ಮಾರಿದ ಬ್ಯಾಂಕು ಅದನ್ನು ಮರಳಿ ಕೊಳ್ಳುವಂತಿಲ್ಲವೆಂಬ ಸಂಗತಿ ಎಷ್ಟೋ ಕುಟುಂಬಗಳಿಗೆ ಕಷ್ಟಕಾಲದಲ್ಲಷ್ಟೇ ತಿಳಿದಿದೆ.

ಈ ಪ್ರದೇಶಕ್ಕೆ ಸಂಬಂಧಿಸಿದಂತೆ ಇನ್ನೊಂದು ಸಂಗತಿಯಿದೆ. ಅದನ್ನು ಗೌರವದಿಂದಲೇ, ಆದರೆ ಮುಚ್ಚುಮರೆಯಿಲ್ಲದೆ ಚರ್ಚಿಸಬೇಕಾಗಿದೆ. ಭೋಜದ ಶಾಂತಿಸಾಗರ ಮಹಾರಾಜರು, ಕೋಥಳಿಯ ದೇಶಭೂಷಣ ಮಹಾರಾಜರು, ಶೇಡಬಾಳದ ವಿದ್ಯಾನಂದ ಮಹಾರಾಜರು, ಸದಲಗದ ವಿದ್ಯಾಸಾಗರ ಮಹಾರಾಜರು ಇದೇ ಸೀಮೆಯ ಮಣ್ಣಿನಿಂದ ಎದ್ದು ದೇಶವನ್ನೆಲ್ಲ ಬರಿಗಾಲಿನಿಂದ ನಡೆದವರು. 2025ರ ಫೆಬ್ರುವರಿ 6ರಂದು ಡೊಂಗರಗಢದಲ್ಲಿ ಆಚಾರ್ಯ ವಿದ್ಯಾಸಾಗರರ ಸ್ಮರಣಾರ್ಥ ನೂರು ರೂಪಾಯಿಯ ನಾಣ್ಯವನ್ನು ಕೇಂದ್ರ ಗೃಹಮಂತ್ರಿಗಳು ಬಿಡುಗಡೆ ಮಾಡಿದರು. ಅದೇ ವರ್ಷ ಜೂನ್ 28ರಂದು ದಿಲ್ಲಿಯಲ್ಲಿ ಆಚಾರ್ಯ ವಿದ್ಯಾನಂದರ ಜನ್ಮಶತಾಬ್ದಿಯ ನಾಣ್ಯವನ್ನು ಪ್ರಧಾನಮಂತ್ರಿಗಳು ಬಿಡುಗಡೆ ಮಾಡಿದರು. ರಾಷ್ಟ್ರವು ಸಲ್ಲಿಸಿದ ಈ ಗೌರವ ಸಮಾಜಕ್ಕೆ ಹೆಮ್ಮೆಯ ವಿಷಯ. ಅವು ಚಿನ್ನದ ನಾಣ್ಯಗಳೆಂದಲ್ಲ. ಆದರೆ ಸರ್ಕಾರಿ ಮುದ್ರೆ ಬಂದೊಡನೆ ಅದೇ ಮಹಾತ್ಮರ ರೂಪವನ್ನು ಚಿನ್ನದ ಬಿಲ್ಲೆಯಲ್ಲಿ ಮಾಡಿಸಿ ಮಾರಿದರೆ ಬಸದಿಯ ನಿಧಿಗೆ ಅನುಕೂಲವಾದೀತೆಂಬ ಯೋಚನೆ ಯಾವ ಟ್ರಸ್ಟಿಗಾದರೂ ಬರುವುದು ಸಹಜ.

ಆಚಾರ್ಯ ವಿದ್ಯಾಸಾಗರರ ಹಿಂದೀ ಮಹಾಕಾವ್ಯ ‘ಮೂಕಮಾಟಿ’ಯನ್ನು ಬಲ್ಲವರು ಇಲ್ಲಿ ಒಂದು ಕ್ಷಣ ನಿಲ್ಲಬೇಕಾಗುತ್ತದೆ. 1988ರಲ್ಲಿ ಪ್ರಕಟವಾದ ಆ ಕೃತಿಯ ನಾಯಕತ್ವ ಮಣ್ಣಿಗೆ. ತುಳಿಸಿಕೊಂಡು, ತಿರುಗಿ, ಬೆಂದು ಕೊಡವಾದ ಮಣ್ಣನ್ನು ಶ್ರೇಷ್ಠಿಯೊಬ್ಬನು ಮುನಿಗಳ ಆಹಾರದಾನಕ್ಕೆ ಬಳಸುತ್ತಾನೆ. ಮನೆಯಲ್ಲಿದ್ದ ಚಿನ್ನದ ಕಲಶ ಅದನ್ನು ಸಹಿಸದೆ ಅಸೂಯೆಯಿಂದ ಉರಿಯುತ್ತದೆ, ಸೇಡಿಗೆ ಹೊರಡುತ್ತದೆ. ಚಿನ್ನದ ಅಹಂಕಾರಕ್ಕೆ ಮಣ್ಣನ್ನು ಎದುರು ನಿಲ್ಲಿಸಿದ ಕವಿಯ ಮುಖವನ್ನೇ ಚಿನ್ನದಲ್ಲಿ ಅಚ್ಚೊತ್ತುವುದು ಕೃತಿಯನ್ನು ಓದದೆ ಕರ್ತೃವನ್ನು ಪೂಜಿಸಿದಂತೆ. ಅವರ ಸ್ಮರಣೆಗೆ ಸದಲಗದ ಕುಂಬಾರನು ಮಾಡಿದ ಒಂದು ಕೊಡ ಹೆಚ್ಚು ಒಪ್ಪುತ್ತಿತ್ತು.

2001ರಲ್ಲಿ ಭಗವಾನ್ ಮಹಾವೀರರ 2600ನೆಯ ಜನ್ಮಕಲ್ಯಾಣಕದ ನಿಮಿತ್ತ ಭಾರತ ಸರ್ಕಾರವು ನೂರು ರೂಪಾಯಿಯ ಬೆಳ್ಳಿಮಿಶ್ರ ನಾಣ್ಯದೊಡನೆ ಐದು ರೂಪಾಯಿಯ ಸಾಧಾರಣ ನಾಣ್ಯವನ್ನೂ ಹೊರಡಿಸಿತ್ತು. ನೂರರದು ಸಂಗ್ರಾಹಕರ ಪೆಟ್ಟಿಗೆ ಸೇರಿತು. ಐದರದು ಬಸ್ಸಿನ ಕಂಡಕ್ಟರನ ಚೀಲ, ಸಂತೆಯ ಕಾಯಿಪಲ್ಲೆಯವಳ ಸೆರಗಿನ ಗಂಟು, ಶಾಲೆಯ ಹುಡುಗನ ಕಿಸೆ ಎಲ್ಲ ಸುತ್ತಿತು. ಮಹಾವೀರರ ಹೆಸರನ್ನೇ ಕೇಳಿರದವರ ಕೈಗೂ ಹೋಗಿಬಂದಿತು. ಎರಡರಲ್ಲಿ ಸ್ಮಾರಕವೆಂಬ ಹೆಸರಿಗೆ ತಕ್ಕದ್ದು ಯಾವುದೆಂದು ಹೇಳುವುದು ಕಷ್ಟವಲ್ಲ. ಪೂಜ್ಯಪಾದರ ಮಾತಿನಲ್ಲಿ ಹೇಳುವುದಾದರೆ ಹಿರಣ್ಯವಾಗಿ ನಡೆದುದು ಅದೊಂದೇ.

ಚಿನ್ನವನ್ನು ಸ್ಮರಣೆಯಾಗಿಸುವ ಬೇರೆ ದಾರಿಯನ್ನು ಕನ್ನಡ ನಾಡು ಸಾವಿರ ವರ್ಷಗಳ ಹಿಂದೆಯೇ ಕಂಡಿದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು, ಸಾವಿರದ ಐನೂರು ಜಿನಬಿಂಬಗಳನ್ನು ಚಿನ್ನ ಮತ್ತು ರತ್ನಗಳಲ್ಲಿ ಮಾಡಿಸಿ ಕೊಟ್ಟಳು ಎಂಬುದು ಪ್ರಸಿದ್ಧ. 993ರಲ್ಲಿ ರನ್ನನು ಅಜಿತಪುರಾಣವನ್ನು ಪೂರೈಸಿದುದೂ ಆಕೆಯ ಆಶ್ರಯದಲ್ಲಿ. ಆಕೆಯೂ ಚಿನ್ನವನ್ನೇ ಬಳಸಿದಳು. ಆದರೆ ಅವಳ ಕೈಯಿಂದ ಹೊರಟ ಚಿನ್ನ ಮರಳಿ ಬೆಲೆ ಕಟ್ಟಿಸಿಕೊಳ್ಳಲು ಬರಲಿಲ್ಲ. ಅವಳು ಮಾಡಿಸಿದುದು ಬಿಂಬ, ಮಾರಾಟಕ್ಕಿಟ್ಟ ಬಿಲ್ಲೆಯಲ್ಲ.

ಬಿಂಬಕ್ಕೂ ಬಿಲ್ಲೆಗೂ ಇರುವ ಈ ಅಂತರವನ್ನು ಟ್ರಸ್ಟುಗಳು ಗಂಭೀರವಾಗಿ ಪರಿಗಣಿಸಬೇಕು. ತೀರ್ಥಂಕರರ ರೂಪವನ್ನೋ ಣಮೋಕಾರ ಮಂತ್ರವನ್ನೋ ಹೊತ್ತ ಚಿನ್ನದ ನಾಣ್ಯದ ಅಂತಿಮ ಗತಿ ಮೂಸೆ. ಹಣದ ಅಗತ್ಯ ಬಂದ ದಿನ ಕುಟುಂಬವು ಅದನ್ನು ಸರಾಫನಿಗೆ ಕೊಡುತ್ತದೆ, ಅವನು ಕರಗಿಸುತ್ತಾನೆ. 2015ರಲ್ಲಿ ಆರಂಭವಾದ ಸರ್ಕಾರದ ಚಿನ್ನ ನಗದೀಕರಣ ಯೋಜನೆಯಲ್ಲಿಯೂ (ಅದರ ಮಧ್ಯಮ ಮತ್ತು ದೀರ್ಘಾವಧಿ ಠೇವಣಿಗಳು 2025ರ ಮಾರ್ಚಿನಲ್ಲಿ ನಿಂತವು) ಚಿನ್ನವನ್ನು ಕರಗಿಸಿ ಶುದ್ಧತೆ ನೋಡಿದ ಮೇಲೆಯೇ ಠೇವಣಿ ಬರೆದುಕೊಳ್ಳಲಾಗುತ್ತಿತ್ತು. ನಾಣ್ಯದ ಮೇಲಿನ ರೂಪ ಪ್ರತಿಷ್ಠಾಪಿತ ಬಿಂಬವಲ್ಲ ನಿಜ. ಆದರೂ ಒಂದು ಕೈಯಿಂದ ಪೂಜ್ಯವೆಂದು ಮಾರಿ, ಇನ್ನೊಂದು ಕೈ ಅದನ್ನು ಕರಗಿಸುವುದೆಂದು ಬಲ್ಲವರೇ ಅದನ್ನು ಮಾಡಿಸಿದರೆ ಆ ಅವಿನಯದಲ್ಲಿ ಮಾಡಿಸಿದವರ ಪಾಲೂ ಇರುತ್ತದೆ. ಕರಗಿಸಲು ಮನಸ್ಸೊಪ್ಪದೆ ಇರಿಸಿಕೊಂಡವರ ಮನೆಯಲ್ಲಿ ಅದು ಕಷ್ಟಕಾಲಕ್ಕೂ ಒದಗದ ಚಿನ್ನವಾಗಿ ಕುಳಿತಿರುತ್ತದೆ.

ಪಂಚಕಲ್ಯಾಣದ ಸವಾಲುಗಳಲ್ಲಿ, ಕಾಣಿಕೆ ಪೆಟ್ಟಿಗೆಗಳಲ್ಲಿ ಬರುವ ನಾಣ್ಯಗಳ ಲೆಕ್ಕವೂ ಇಂದು ಅನೇಕ ಕಡೆ ಕೊಟ್ಟ ದಿನದ ರೂಪಾಯಿ ಬೆಲೆಯಲ್ಲಷ್ಟೇ ಬರೆಯಲ್ಪಡುತ್ತದೆ. ಹತ್ತು ವರ್ಷಗಳ ಬಳಿಕ ಲೆಕ್ಕಪತ್ರ ನೋಡುವವರಿಗೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ವಿಶ್ವಸ್ತರ ಮೇಲೆ ವೃಥಾ ಸಂಶಯಕ್ಕೂ ಅದು ಎಡೆಗೊಡುತ್ತದೆ. ತೂಕ, ಶುದ್ಧತೆ, ಬಂದ ದಿನ, ವಿನಿಯೋಗದ ದಿನ ಈ ನಾಲ್ಕನ್ನೂ ದಫ್ತರದಲ್ಲಿ ಬರೆದಿಡುವುದು ಕ್ಷೇಮ. ಬೆಲೆ ಇನ್ನೂ ಏರಲೆಂದು ಬಸದಿಯ ಚಿನ್ನವನ್ನು ಹಿಡಿದಿಟ್ಟುಕೊಳ್ಳುವ ಟ್ರಸ್ಟು ಪ್ರಭಾಚಂದ್ರರು ವಿವರಿಸಿದ ಧಾನ್ಯಸಂಗ್ರಾಹಕನ ಸ್ಥಾನದಲ್ಲಿ ದೇವರ ಹೆಸರಿನಿಂದ ನಿಲ್ಲುತ್ತದೆ. ಬಂದುದನ್ನು ಆಯಾ ವರ್ಷದೊಳಗೇ ಔಷಧದಾನಕ್ಕೆ, ಶಾಸ್ತ್ರದಾನಕ್ಕೆ, ವಿಹಾರಕ್ಕೆ ಬರುವ ಮುನಿಸಂಘದ ವ್ಯವಸ್ಥೆಗೆ, ಓದುವ ಮಕ್ಕಳ ವಸತಿಗೆ ಬಳಸಲು ಆಡಳಿತ ಮಂಡಳಿ ವಾರ್ಷಿಕ ಸಭೆಯಲ್ಲಿ ಠರಾವು ಮಾಡಿಕೊಳ್ಳಬಹುದು. ದಾನಿಗಳಿಗೆ ಕೊಡುವ ಪಾವತಿಯ ಮೇಲೆಯೇ ಆ ಠರಾವನ್ನು ಅಚ್ಚು ಹಾಕಿಸಲು ಹೆಚ್ಚಿನ ಖರ್ಚೇನೂ ತಗಲುವುದಿಲ್ಲ.